ಲಿಫ್ಟ್ ಸಮಾಚಾರದ ಒಂದು ಪ್ರತಿ

ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಹಳೆಯ ಮೇಲ್ ಯಾವುದನ್ನಾದರೂ ತೆರೆದರೆ ಅದರ ನೆತ್ತಿಯ ಮೇಲೆ ಈಗ ಒಂದು ಹಳದಿ ಪಟ್ಟಿ ಕಾಣಿಸುತ್ತದೆ. ಈ ಸಂದೇಶದ ಅವಧಿ ಮುಗಿಯುತ್ತಿದೆ, ಸ್ವಲ್ಪ ದಿನದಲ್ಲಿ ತಾನಾಗಿ ಅಳಿಸಿಹೋಗುತ್ತದೆ ಎಂದು ಅದರ ತಾತ್ಪರ್ಯ. ಕೆಮ್ಮಿನ ಸಿರಪ್ಪಿಗೆ ಅವಧಿ ಉಂಟು, ಬ್ರೆಡ್ಡಿಗೆ ಉಂಟು ಎನ್ನುವುದು ನನಗೆ ಗೊತ್ತಿತ್ತು. "ನಾಳೆ ಎಲ್ಲರಿಗೂ ನಾನೇ ಪುಳಿಯೋಗರೆ ತರುತ್ತೇನೆ, ಯಾರೂ ಡಬ್ಬಿ ತರಬೇಡಿ" ಎಂಬ ಮಾತಿಗೂ ಅವಧಿ ಉಂಟೆಂದು ತಿಳಿದದ್ದು ಆ ಹಳದಿ ಪಟ್ಟಿಯಿಂದ.

ನಿಮಗೆ ಇದೊಂದು ದೊಡ್ಡ ಸಂಗತಿ ಅನ್ನಿಸದೇ ಇರಬಹುದು. ಆದರೆ ನಾನು ಸ್ವಭಾವತಃ ಎತ್ತಿಡುವ ಜಾತಿಯವಳು. ಮರ್ಫಿ ಟೌನಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ದಿನಕ್ಕೊಂದು ಹಾಳೆ ಕೀಳುವ ಕ್ಯಾಲೆಂಡರೊಂದು ಬಾಗಿಲ ಪಕ್ಕ ತೂಗುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜಿ ಬಂದ ಅಪ್ಪ ಮೊದಲು ಮಾಡುವ ಕೆಲಸವೆಂದರೆ ನಿನ್ನೆಯ ಹಾಳೆಯನ್ನು ಚರ್ರೆಂದು ಕಿತ್ತು ಅಮ್ಮನ ಕೈಗೆ ಕೊಡುವುದು. ಅಮ್ಮ ಅದನ್ನು ಸೀಮೆಎಣ್ಣೆ ಸ್ಟೌ ಹಚ್ಚಲು ಬಳಸುತ್ತಿದ್ದಳು. ನನಗೆ ಐದಾರು ವರ್ಷವಿದ್ದಾಗ, ನನ್ನ ಹುಟ್ಟಿದ ಹಬ್ಬದ ಮಾರನೆಯ ದಿನ, ಆ ಹಬ್ಬವೇ ಸ್ಟೌವಿನಲ್ಲಿ ಉರಿಯುವುದನ್ನು ಕಂಡು ಬಾಯಿಬಿಟ್ಟು ಅತ್ತೆನಂತೆ. ಅಂದಿನಿಂದ ಹಾಳೆಗಳು ನನ್ನ ಪಾಲಾದವು. ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಡುತ್ತಿದ್ದೆ. "ನಿನ್ನೇನ ಇಟ್ಕೊಂಡು ಏನ್ ಮಾಡ್ತೀಯೇ?" ಎಂದು ಅಪ್ಪ ಕೇಳುತ್ತಿದ್ದರು. ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಜಿರಲೆಗಳು ಆ ಪ್ರಶ್ನೆಯನ್ನು ಬಗೆಹರಿಸಿದವು.

ದೊಡ್ಡವಳಾಗಿ ಕೆಲಸಕ್ಕೆ ಸೇರಿದ ಮೇಲೆ ಹಾಳೆಗಳ ಜಾಗಕ್ಕೆ ಮೇಲ್‌ಗಳು ಬಂದವು. ರಜೆ ಮಂಜೂರಾದ ಮೇಲ್, ಕುರ್ಚಿ ಬದಲಾಯಿಸಿಕೊಡಿ ಎಂದು ನಾನು ಬರೆದದ್ದು, ನೋಡೋಣ ಎಂದು ಅವರು ಬರೆದದ್ದು, ನೋಡಿದಿರಾ ಎಂದು ಮತ್ತೆ ನಾನು ಬರೆದದ್ದು, ಎಲ್ಲಕ್ಕೂ ಒಂದೊಂದು ಪ್ರತಿ ತೆಗೆದು ಫೈಲಿಗೆ ಹಾಕುತ್ತಿದ್ದೆ. ಆಫೀಸಿನಲ್ಲಿ ನನ್ನನ್ನು ಹಿಂದಿನಿಂದ "ಜೆರಾಕ್ಸ್ ಆಂಟಿ" ಎನ್ನುತ್ತಾರೆ. ಮುಂದಿನಿಂದ ವಸಂತಾ ಮೇಡಂ. ನನ್ನ ಗಂಡ ಮಾತ್ರ ಹಿಂದೆ ಮುಂದೆ ನೋಡದೆ, "ನಾಳೆ ನಾನ್ ಹೋದ್ರೆ ಡೆತ್ ಸರ್ಟಿಫಿಕೇಟ್ ಸಿಗುತ್ತೋ ಇಲ್ವೋ, ನಿನ್ ಕುರ್ಚಿ ಕಥೆಯಂತೂ ಪೂರ್ತಿ ಸಿಗುತ್ತೆ" ಎನ್ನುತ್ತಾರೆ.

ನಮ್ಮದು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿ. ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಕೆಳಗೆ ಬೇಕರಿ, ಮೇಲೆ ನಾವು. ಕಂಟೋನ್ಮೆಂಟಿನಿಂದ ಕೆ.ಆರ್. ಪುರದವರೆಗಿನ ಎಷ್ಟೋ ಕಟ್ಟಡಗಳ ಲಿಫ್ಟಿನೊಳಗೆ ನಮ್ಮ ನಂಬರು ಅಂಟಿಸಿರುತ್ತದೆ. ಲಿಫ್ಟು ನಿಂತರೆ ಒಳಗಿದ್ದವರು ಅದಕ್ಕೆ ಫೋನು ಮಾಡುತ್ತಾರೆ. ಆ ಫೋನು ಎತ್ತುತ್ತಿದ್ದವರು ಖಲೀಲ್ ಭಾಯ್. ನಾನು ಸೇರುವುದಕ್ಕಿಂತ ಮೊದಲಿನಿಂದಲೂ ಅಲ್ಲಿದ್ದವರು, ಶಿವಾಜಿನಗರದವರು, ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ಕಾಗದದ ಮೇಲೆ ಅಚ್ಚ ಕನ್ನಡ. ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ಹೆಮ್ಮೆ ಅವರಿಗೆ ಕೊನೆಯ ತನಕ ಇಳಿಯಲಿಲ್ಲ ಎಂದು ಬರೆಯಲು ಹೊರಟಿದ್ದೆ. ಕೊನೆಯೇನೂ ಆಗಿಲ್ಲ, ಇನ್ನೂ ಇಳಿದಿಲ್ಲ ಎಂದು ತಿದ್ದಿಕೊಳ್ಳುತ್ತೇನೆ.

ಹಿಂದಿನ ದಿನ ಎಲ್ಲೆಲ್ಲಿ ಲಿಫ್ಟು ಕೆಟ್ಟಿತು, ಏನು ಕಾರಣ, ಏನು ಕ್ರಮ ಎಂದು ಬೆಳಿಗ್ಗೆ ಒಂದು ವರದಿಯನ್ನು ಎಲ್ಲರಿಗೂ ಮೇಲ್ ಮಾಡುವುದು ಖಲೀಲ್ ಭಾಯ್ ಕೆಲಸ. ಬೇರೆಯವರಾಗಿದ್ದರೆ ಎರಡು ಸಾಲು ಇಂಗ್ಲಿಷಿನಲ್ಲಿ ಗೀಚಿ ಮುಗಿಸುತ್ತಿದ್ದರು. ಇವರು "ಲಿಫ್ಟ್ ಸಮಾಚಾರ" ಎಂದು ತಲೆಬರಹ ಕೊಟ್ಟು ಕನ್ನಡದಲ್ಲಿ ಬರೆಯುತ್ತಿದ್ದರು. ಹೀಗೆ:

"ಸ್ಥಳ: ಬೆನ್ಸನ್ ಟೌನ್. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಒಬ್ಬ ಅಜ್ಜಿ, ಒಂದು ಡಬ್ಬಿ ಹಲಸಿನ ತೊಳೆ ಹಾಗೂ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ನೆರೆಯವರು ಸಿಕ್ಕಿಕೊಂಡಿದ್ದರು. ನಮ್ಮ ಮೆಕ್ಯಾನಿಕ್ ತಲುಪುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. ಕಾರಣ: ಬಾಗಿಲಿನ ಸೆನ್ಸರ್. ಕ್ರಮ: ಸೆನ್ಸರನ್ನು ನಾವು ಸರಿಮಾಡಿದೆವು, ನೆರೆಹೊರೆಯನ್ನು ಅಜ್ಜಿ ಸರಿಮಾಡಿದರು."

ಇನ್ನೊಂದು: "ಸ್ಥಳ: ಹಲಸೂರಿನ ಕಲ್ಯಾಣ ಮಂಟಪ. ಬ್ಯಾಂಡ್‌ಸೆಟ್ಟಿನವರು ವಾದ್ಯ ಸಮೇತ ಒಳಗೆ ಸಿಕ್ಕಿಕೊಂಡರು. ಯಾರಾದರೂ ಕೇಳಲೆಂದು ಬ್ಯಾಂಡು ನುಡಿಸಿದರು, ಅಲಾರಂ ಒತ್ತಿದರು. ಹೊರಗಿನವರು ಅದನ್ನೂ ಸಂಗೀತವೆಂದು ತಿಳಿದು ಸುಮ್ಮನಿದ್ದರು. ಕೊನೆಗೆ ಬ್ಯಾಂಡು ನುಡಿಸುವುದನ್ನು ನಿಲ್ಲಿಸಿದ ಮೇಲೆಯೇ ಜನ ಹುಡುಕಿಕೊಂಡು ಬಂದರು."

ಕೆ.ಆರ್. ಪುರದ ಕ್ಲಿನಿಕ್ಕಿನ ಲಿಫ್ಟೊಂದರ ಬಗ್ಗೆ ಬರೆದದ್ದಂತೂ ಮೂರೇ ಮಾತು: "ಕಾರಣ: ಬೆಕ್ಕು. ಕ್ರಮ: ಮನವಿ ಮಾಡಲಾಯಿತು. ಫಲ: ಬೆಕ್ಕು ಒಪ್ಪಲಿಲ್ಲ."

ಬೆಳಿಗ್ಗೆ ಆಫೀಸಿಗೆ ಬಂದವರು ಬ್ಯಾಗು ಇಳಿಸುವ ಮೊದಲು ಅದನ್ನು ಓದುತ್ತಿದ್ದರು. ಆದರೆ ಜೆರಾಕ್ಸ್ ಆಂಟಿಯ ಜಾಣತನ ನೋಡಿ, ಕುರ್ಚಿಯ ಪತ್ರವ್ಯವಹಾರವನ್ನೆಲ್ಲ ಜೋಪಾನ ಮಾಡಿದ ನಾನು ಲಿಫ್ಟ್ ಸಮಾಚಾರದ ಒಂದೇ ಒಂದು ಪ್ರತಿ ತೆಗೆದಿರಲಿಲ್ಲ. ದಿನಾ ಬಾಗಿಲಿಗೆ ಬರುವ ಹಾಲನ್ನು ಯಾರಾದರೂ ಎತ್ತಿಡುತ್ತಾರೆಯೇ?

ಆಮೇಲೆ ಒಂದು ದಿನ ಹಾಲು ಬರಲಿಲ್ಲ. ಖಲೀಲ್ ಭಾಯ್‌ಗೆ ಪಾರ್ಶ್ವವಾಯು ಹೊಡೆದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ತಿಳಿದು ಎಲ್ಲರೂ ಉಸಿರು ಬಿಟ್ಟೆವು. ಬಲಗೈ ಸ್ವಾಧೀನವಿರಲಿಲ್ಲ, ಕಾಲು ಮೆಲ್ಲಗೆ ಸರಿಹೋಗುತ್ತಿತ್ತು. ಮಾತು ಮಾತ್ರ ಹೊರಟುಹೋಗಿತ್ತು.

ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಶಿವಾಜಿನಗರದಲ್ಲಿ ಪಾತ್ರೆ ಅಂಗಡಿಯ ಮೇಲಿನ ಮನೆ. ಖಲೀಲ್ ಭಾಯ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಕಣ್ಣು ಅರಳಿತು. "ಅಚ್ಛಾ" ಎಂದರು. ಹೇಗಿದ್ದೀರಿ ಎಂದೆ. "ಅಚ್ಛಾ." ಆಫೀಸಿನ ಸುದ್ದಿ ಹೇಳಿದೆ. ಏನೋ ಕೇಳಲು ಬಾಯಿ ತೆರೆದರು, ತಡಕಾಡಿದರು, ಹಣೆ ಗಂಟಿಕ್ಕಿತು, ಮತ್ತೆ ಅದೇ "ಅಚ್ಛಾ." ಅವರಿಗೆ ಉಳಿದದ್ದು ಆ ಒಂದು ಶಬ್ದ. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳುವುದೆಲ್ಲ ಒಳಗೇ ನಿಂತುಬಿಟ್ಟಿತ್ತು.

ಅವರ ಹೆಂಡತಿ ಮೆಹರುನ್ನೀಸಾ ಆಪಾ ಏಲಕ್ಕಿ ಚಹಾ, ಖಾರಾ ಬಿಸ್ಕತ್ತು ತಂದಿಟ್ಟು ಪಕ್ಕದಲ್ಲಿ ಕೂತರು.

"ನೋಡಿ ಬೆಹೆನ್, ಮದ್ವೆ ಆದಾಗಿಂದ ಇವ್ರ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡ್ದಿತ್ತು. ಸ್ವಲ್ಪ ಸುಮ್ನಿರಿ ಅಂತ ಎಷ್ಟ್ ಸಲ ಹೇಳಿದೀನೋ. ಈಗ ಮನೇಲಿ ಗಡಿಯಾರದ ಸದ್ದು ಕೇಳ್ಸುತ್ತೆ. ಅದು ಇಷ್ಟ್ ಜೋರಾಗಿ ಹೊಡ್ಕೊಳುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ವಾರಕ್ಕೆರಡು ಸಲ ಮಾತಿನ ತರಬೇತಿ ಕೊಡುವ ಡಾಕ್ಟರಮ್ಮನ ಬಳಿ ಹೋಗುತ್ತಿದ್ದರಂತೆ. ಆಕೆ ಚಿತ್ರ ತೋರಿಸಿ ಬಾಳೆಹಣ್ಣು ಅನ್ನಿ, ಕೊಡೆ ಅನ್ನಿ ಎನ್ನುತ್ತಾರೆ. ಖಲೀಲ್ ಭಾಯ್ ಮುಖ ತಿರುಗಿಸುತ್ತಾರೆ.

"ಅವ್ರಿಗೆ ಅವಮಾನ ಆಗುತ್ತೆ ಬೆಹೆನ್. ಈ ವಯಸ್ಸಲ್ಲಿ ಬಾಳೆಹಣ್ಣು ಅಂತ ಕಲೀಬೇಕಾ ಅಂತ. ಡಾಕ್ಟರಮ್ಮ ಏನಂದ್ರು ಅಂದ್ರೆ, ಇವ್ರಿಗೇ ಸೇರಿದ ಮಾತು ಏನಾದ್ರೂ ಇದ್ರೆ ತನ್ನಿ, ಇವ್ರು ಹೇಳ್ತಿದ್ದ ಕಥೆ, ಜೋಕು, ಯಾವ್ದಾದ್ರೂ. ಅದನ್ನ ಮುಂದೆ ಓದ್ತಾ ಹೋದ್ರೆ ಜೊತೆಗೆ ಮಾತು ಎದ್ದು ಬರ್ಬಹುದು ಅಂತ. ನಾನೆಲ್ಲಿಂದ ತರ್ಲಿ? ಇವ್ರು ಹೇಳಿದ್ದು ಯಾರ್ ಬರ್ದಿಟ್ಟಿದಾರೆ?"

ನಾನು ಚಹಾ ಕೆಳಗಿಟ್ಟೆ. ಅವರೇ ಬರೆದಿಟ್ಟಿದ್ದಾರಲ್ಲ ಆಪಾ ಎಂದೆ. ವರ್ಷಗಟ್ಟಲೆಯ ಲಿಫ್ಟ್ ಸಮಾಚಾರ ನನ್ನ ಮೇಲ್‌ಬಾಕ್ಸಿನಲ್ಲಿ ಹಾಗೇ ಇತ್ತು. ಖಲೀಲ್ ಭಾಯ್ ನನ್ನನ್ನೇ ನೋಡುತ್ತಿದ್ದರು. "ಅಚ್ಛಾ" ಎಂದರು. ಈ ಸಲದ್ದು ಪ್ರಶ್ನೆಯಂತಿತ್ತು.

ಸೋಮವಾರ ಹುರುಪಿನಿಂದ ಕಂಪ್ಯೂಟರು ತೆರೆದರೆ ಹಳದಿ ಪಟ್ಟಿ. ಹೆಡ್ ಆಫೀಸಿನವರು ಹೊಸ ಕಾನೂನು ತಂದಿದ್ದರು. ವರ್ಷಕ್ಕಿಂತ ಹಳೆಯ ಮೇಲ್‌ಗಳೆಲ್ಲ ಈ ತಿಂಗಳ ಕೊನೆಗೆ ತಾವಾಗಿ ಅಳಿಯುತ್ತವೆ. ನನಗೆ ನಮ್ಮಮ್ಮನ ಸ್ಟೌ ನೆನಪಾಯಿತು.

ಮೊದಲು ನನ್ನ ಮನೆಯ ಮೇಲ್‌ಗೆ ಕಳಿಸಲು ನೋಡಿದೆ. ಹೊರಗೆ ಕಳಿಸಲು ಅನುಮತಿಯಿಲ್ಲ ಎಂದು ವಾಪಸು ಬಂತು. ಪೆನ್‌ಡ್ರೈವ್ ಚುಚ್ಚಿದೆ. ಅದನ್ನು ಕಂಪ್ಯೂಟರು ಗುರುತು ಹಿಡಿಯಲೇ ಇಲ್ಲ. ಪ್ರಿಂಟಿಗೆ ಕೊಟ್ಟೆ. ಮೊದಲ ನಾಲ್ಕು ಹಾಳೆ ಬಂದು, ನಿಮ್ಮ ಪಾಲು ಮುಗಿಯಿತು ಎಂದು ಯಂತ್ರ ನಿಂತಿತು. ತಿಂಗಳ ಪಾಲನ್ನೆಲ್ಲ ಆಗಲೇ ಕುರ್ಚಿಗೆ ಸುರಿದಿದ್ದೆ.

ಕಂಪ್ಯೂಟರಿನ ಉಸ್ತುವಾರಿ ಶರಣಪ್ಪನದು. ಕಲಬುರಗಿ ಕಡೆಯವರು, ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ಕೋಣೆ. ನಾನೂ ಅಲ್ಲೇ ಮೆಟ್ರೋ ಹತ್ತುವುದರಿಂದ ಎಷ್ಟೋ ದಿನ ಒಟ್ಟಿಗೇ ನೇತಾಡಿಕೊಂಡು ಬರುತ್ತೇವೆ. ಆ ಸಲುಗೆಯಲ್ಲಿ ಕೇಳಿದೆ, ಏನಾದರೂ ದಾರಿ ಮಾಡಪ್ಪ ಎಂದು.

"ಆಗಂಗಿಲ್ರಿ ಅಕ್ಕಾರ. ನನ್ ಕೈಯಾಗ ಇದ್ರ ಈಗಿಂದೀಗ ಮಾಡಿಕೊಡ್ತಿದ್ದೆ. ಮೇಲಿಂದ ಡೇಸಿ ಮೇಡಂ ಹೂಂ ಅನ್ಬೇಕು. ಅವ್ರು ಅಂದ್ರ ನಾ ಪ್ರಿಂಟರ್ ಬಾಗಲಾ ತೆಗೀತೀನಿ ನೋಡ್ರಿ."

ಡೇಸಿ ಮೇಡಂ ನಮ್ಮ ಮ್ಯಾನೇಜರು. ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವರು. ಒಂದೇ ವಾಕ್ಯದಲ್ಲಿ ಮೂರು ಭಾಷೆಯನ್ನು ಜಗಳವಾಡಿಸದೆ ಕೂರಿಸಬಲ್ಲವರು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ವಸಂತಾ, ನಂಗೂ ಖಲೀಲ್ ಅಂದ್ರೆ ಅಣ್ಣನ್ ಥರಾನೇ ಮಾ. ಆದ್ರೆ ಪ್ರತೀ ಮೇಲಲ್ಲೂ ಕಸ್ಟಮರ್ ಹೆಸ್ರು ಇದೆ, ಬಿಲ್ಡಿಂಗ್ ಹೆಸ್ರು ಇದೆ. ಅದು ಹೊರಗೆ ಹೋದ್ರೆ ನನ್ ತಲೆ, ನಿನ್ ತಲೆ, ಎರಡೂ ಹೋಗುತ್ತೆ."

"ಹೆಸ್ರು ತೆಗೆದ್ರೆ?"

"ಅಷ್ಟೊಂದು ಮೇಲಲ್ಲಿ ಹೆಸ್ರು ಯಾರು ತೆಗೀತಾರೆ?"

"ನಾನ್ ತೆಗೀತೀನಿ ಮೇಡಂ."

ಹೇಳಿದ್ದು ಸುಲಭವಾಗಿತ್ತು. ಡೇಸಿ ಮೇಡಂ ನನ್ನ ಎದುರಿನಲ್ಲೇ ಚೆನ್ನೈನ ಹೆಡ್ ಆಫೀಸಿಗೆ ಫೋನು ಹಚ್ಚಿದರು. ಆ ಕಡೆಯ ದೊಡ್ಡ ಸಾಹೇಬರು ಆಗುವುದಿಲ್ಲ ಎನ್ನುತ್ತಿರುವುದು ಡೇಸಿ ಮೇಡಂ ಮುಖದಿಂದಲೇ ತಿಳಿಯುತ್ತಿತ್ತು. ಅವರು ವಾದ ಮಾಡಲಿಲ್ಲ. ನನ್ನ ಕೈಯಲ್ಲಿದ್ದ ನಾಲ್ಕು ಹಾಳೆಯನ್ನು ಎಳೆದುಕೊಂಡು, ಕನ್ನಡದ್ದನ್ನು ನೋಡುತ್ತ ತಮಿಳಿನಲ್ಲಿ ಬ್ಯಾಂಡ್‌ಸೆಟ್ಟಿನ ಕಥೆ ಹೇಳಿದರು. ಆಮೇಲೆ ಬೆಕ್ಕಿನದು. ಫೋನಿನೊಳಗಿಂದ ನಗೆ ನನಗೂ ಕೇಳಿಸಿತು. ಜನರ ಹೆಸರು, ಕಟ್ಟಡದ ಹೆಸರು ಒಂದೂ ಇರಕೂಡದು, ಕಾಗದದಲ್ಲಿ ಮಾತ್ರ ಎಂಬ ಷರತ್ತಿನ ಮೇಲೆ ಒಪ್ಪಿಗೆ ಬಂತು. ಫೋನಿಟ್ಟ ಡೇಸಿ ಮೇಡಂ, "ಅವರಿಗೂ ಒಂದು ಪ್ರತಿ ಬೇಕಂತೆ" ಎಂದರು.

ಶರಣಪ್ಪ ಪ್ರಿಂಟರಿನ ಬಾಗಿಲು ತೆಗೆದರು, ಅಂದರೆ ನನ್ನ ಪಾಲಿಗಿದ್ದ ಮಿತಿ ತೆಗೆದರು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನೊಬ್ಬಳೇ ಕೂತು ಹೆಸರು ತೆಗೆಯತೊಡಗಿದೆ. ತೆಗೆಯುವ ಕೆಲಸ ನನಗೆ ಒಗ್ಗಿದ್ದಲ್ಲ. ಒಂದೊಂದು ಹೆಸರು ಅಳಿಸುವಾಗಲೂ ಹಲ್ಲು ಕಿತ್ತಂತಾಗುತ್ತಿತ್ತು. ಜೊತೆಗೆ ಓದುತ್ತ ಓದುತ್ತ ನಗು ಬಂದು ಕೆಲಸ ನಿಲ್ಲುತ್ತಿತ್ತು. ಹೀಗಾದರೆ ತಿಂಗಳ ಕೊನೆಗೆ ಅರ್ಧವೂ ಮುಗಿಯುವುದಿಲ್ಲ ಎಂದು ಎರಡನೆಯ ದಿನವೇ ಗೊತ್ತಾಯಿತು.

ನನ್ನ ನಗೆ ಕೇಳಿ ಮೊದಲು ಲೆಕ್ಕಪತ್ರದವರು ಬಂದರು, ಏನದು ಎಂದು. ಆಮೇಲೆ ಶರಣಪ್ಪ ತಮ್ಮ ರೊಟ್ಟಿ ಡಬ್ಬಿಯನ್ನು ಇಲ್ಲೇ ತಂದರು. ಕೆಲಸ ಮುಗಿಸಿ ಬಂದ ಮೆಕ್ಯಾನಿಕ್‌ಗಳು ಸೇರಿದರು. ಅವರಿಗಂತೂ ಪ್ರತಿಯೊಂದು ತಮ್ಮದೇ ಕಥೆ. ಒಬ್ಬರು ಗಟ್ಟಿಯಾಗಿ ಓದುವುದು, ಹೆಸರು ಬಂದಲ್ಲಿ ಎಲ್ಲರೂ ಸೇರಿ "ಒಬ್ಬ ಅಜ್ಜಿ", "ಒಬ್ಬ ಮಾಸ್ತರರು" ಎಂದು ಬದಲಿ ಹುಡುಕುವುದು, ಇನ್ನೊಬ್ಬರು ತಿದ್ದಿ ಪ್ರಿಂಟಿಗೆ ಕೊಡುವುದು. ಮೇಲೆ ನಾನು ಕೊಟ್ಟ ಸಮಾಚಾರಗಳೂ ಹೀಗೆ ಹೆಸರು ತೆಗೆದವೇ. ನನ್ನನ್ನು ಹಿಂದಿನಿಂದ ಜೆರಾಕ್ಸ್ ಆಂಟಿ ಎನ್ನುತ್ತಿದ್ದವರೇ, "ಮೇಡಂ, ಇದೊಂದು ಬಿಟ್ಟೋಗಿದೆ, ತಗೊಳಿ" ಎಂದು ಹುಡುಕಿ ತಂದರು. ನನಗೆ ಆಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹುಟ್ಟಿದಾಗಿನಿಂದ ಒಂಟಿಯಾಗಿ ನಡೆಸಿಕೊಂಡು ಬಂದ ಚಾಳಿಗೆ ಇದ್ದಕ್ಕಿದ್ದಂತೆ ಒಂದು ಸಂಘವೇ ಹುಟ್ಟಿಕೊಂಡಿತ್ತು.

ತಿಂಗಳ ಕೊನೆಯ ದಿನ, ಆಫೀಸು ಮುಚ್ಚುವ ಹೊತ್ತಿಗೆ, ಪ್ರಿಂಟರು ಕೊನೆಯ ಹಾಳೆಯನ್ನು ಕೊಟ್ಟಿತು. ಶರಣಪ್ಪ ಅದನ್ನು ಎರಡೂ ಕೈಯಲ್ಲಿ ತಂದು ಕೊಟ್ಟರು. "ಮುಗೀತ್ ನೋಡ್ರಿ ಅಕ್ಕಾರ. ಇನ್ನ ಅದು ಏನ್ ಅಳಸ್ಕೋತದೋ ಅಳಸ್ಕೋಲಿ." ಕೆಳಗಿನ ಬೇಕರಿಯಿಂದ ಡೇಸಿ ಮೇಡಂ ಎಲ್ಲರಿಗೂ ದಿಲ್‌ಪಸಂದ್ ತರಿಸಿದರು.

ಮಾರನೆಯ ಬೆಳಿಗ್ಗೆ ಮೇಲ್‌ಬಾಕ್ಸ್ ತೆರೆದೆ. ಹಳೆಯದೆಲ್ಲ ಹೋಗಿತ್ತು. ನನ್ನ ಜೀವನದಲ್ಲಿ ಮೊದಲ ಬಾರಿಗೆ ಏನೋ ಅಳಿಸಿಹೋದದ್ದನ್ನು ಕಂಡು ನಾನು ನಕ್ಕೆ.

ಆ ವಾರದ ಭಾನುವಾರ ದಪ್ಪ ಫೈಲನ್ನು ಎದೆಗವಚಿಕೊಂಡು ಶಿವಾಜಿನಗರಕ್ಕೆ ಹೋದೆ. ಖಲೀಲ್ ಭಾಯ್ ಎದುರು ಕೂತು ಹಲಸಿನ ತೊಳೆಯ ಸಮಾಚಾರ ತೆರೆದು ನಿಧಾನವಾಗಿ ಓದಿದೆ. ಮೊದಲ ಸಾಲಿಗೆ ಅವರು ಹುಬ್ಬೇರಿಸಿದರು. ಎರಡನೆಯದಕ್ಕೆ ತುಟಿ ಅಲುಗಿತು. "ನೆರೆಹೊರೆಯನ್ನು" ಎಂದು ನಾನು ಓದುವಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ಶಬ್ದವಿಲ್ಲದ ನಗು ಶಬ್ದವಾಗಿ, ಕಣ್ಣಲ್ಲಿ ನೀರು ಬಂತು. ಮೆಹರುನ್ನೀಸಾ ಆಪಾ ಒಳಗಿಂದ ಓಡಿ ಬಂದರು. ಆ ಮನೆಯಲ್ಲಿ ನಗೆ ಕೇಳಿ ಬಹಳ ದಿನವಾಗಿತ್ತು. ಅಂದು ಮಾತೇನೂ ಬರಲಿಲ್ಲ. ಆದರೆ ನಾನು ಹೊರಟಾಗ ಅವರು ಫೈಲನ್ನು ಎಡಗೈಯಲ್ಲಿ ಹಿಡಿದು ಬಿಡಲಿಲ್ಲ.

ಡಾಕ್ಟರಮ್ಮ ಅದನ್ನೇ ಪಾಠದ ಪುಸ್ತಕ ಮಾಡಿಕೊಂಡರು. ಒಂದು ವಾಕ್ಯ ಓದಿ, ಕೊನೆಯ ಪದವನ್ನು ಖಲೀಲ್ ಭಾಯ್‌ಗೆ ಬಿಡುವುದು. ಮನೆಯಲ್ಲಿ ಆಪಾಗೆ ಕನ್ನಡ ಓದಲು ಬಾರದು, ಹಾಗಾಗಿ ಭಾನುವಾರದ ಪಾಳಿ ನನ್ನದು. ಕೆಲವೊಮ್ಮೆ ಶರಣಪ್ಪನೂ ಬರುತ್ತಿದ್ದರು. ವಾರಗಳು ಹೋದವು. ಮೊದಲು "ಕಾರಣ" ಬಂತು. ಆಮೇಲೆ "ಕ್ರಮ". ಬಾಳೆಹಣ್ಣು ಎನ್ನಲೊಲ್ಲದ ನಾಲಗೆ ಒಂದು ದಿನ "ಸೆನ್ಸರ್" ಎಂದಿತು. ಆಪಾ ಅದನ್ನು ಬೀದಿಯವರಿಗೆಲ್ಲ ಹೇಳಿ ಬಂದರು. ಸೆನ್ಸರ್ ಅಂದರೇನು ಎಂದು ಆಪಾಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ನಾನು ಮತ್ತೆ ಅದೇ ಹಾಳೆ ಓದುತ್ತಿದ್ದೆ. "ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಒಬ್ಬ ಅಜ್ಜಿ…"

ಖಲೀಲ್ ಭಾಯ್ ಕೈ ಎತ್ತಿ ನಿಲ್ಲಿಸಿದರು. ತಲೆ ಅಡ್ಡಡ್ಡ ಆಡಿಸಿದರು. ನಾನು ಮತ್ತೆ ಓದಿದೆ. ಮತ್ತೆ ನಿಲ್ಲಿಸಿದರು.

"ಅಜ್ಜಿ… ಅಲ್ಲ" ಎಂದರು. ಹಣೆಯ ನರ ಉಬ್ಬಿತು. "ಕಮ… ಕಮಲಮ್ಮ. ಹೆಸ್ರು… ಯಾಕ್ ತೆಗ್ದ್ರಿ?"

ಸರ್ವರಿನಿಂದ ಅಳಿಸಿಹೋದದ್ದು, ನಾವೇ ಕೈಯಾರೆ ತೆಗೆದದ್ದು, ಅವರ ತಲೆಯಲ್ಲಿ ಭದ್ರವಾಗಿತ್ತು. ಆಪಾ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ರೂಲ್ಸು ಎಂದೇನೋ ತೊದಲಿದೆ. ಖಲೀಲ್ ಭಾಯ್ ಹಳೆಯ ಆಫೀಸಿನ ಗತ್ತಿನಲ್ಲಿ ನನ್ನನ್ನು ನೋಡಿ, "ಓದಿ… ಮುಂದೆ" ಎಂದರು. ಅಂದಿನಿಂದ ಪ್ರತಿ ಹಾಳೆಯೂ ಜಗಳ. ಮಾಸ್ತರರಿಗೆ ಹೆಸರು ಬಂತು, ಬ್ಯಾಂಡಿನವರಿಗೆ ಹೆಸರು ಬಂತು. ನಾನೇನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವ ಅಗತ್ಯ ಕಾಣಲಿಲ್ಲ.

ಮೊನ್ನೆ ಅವರು ಆಫೀಸಿಗೆ ಬಂದಿದ್ದರು. ಊರುಗೋಲು, ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಆಪಾ. ಎಲ್ಲರೂ ಸುತ್ತುವರಿದರು. ಡೇಸಿ ಮೇಡಂ ಅವರ ಹಳೆಯ ಮೇಜಿನಲ್ಲೇ ಕೂರಿಸಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾಗ ಮೇಜಿನ ಫೋನು ಹೊಡೆದುಕೊಂಡಿತು. ಯಾರಾದರೂ ಕೈ ಚಾಚುವ ಮೊದಲೇ ಖಲೀಲ್ ಭಾಯ್ ಎಡಗೈಯಲ್ಲಿ ಎತ್ತಿಬಿಟ್ಟರು.

ಇಂದಿರಾನಗರದಲ್ಲೇ ಯಾವುದೋ ಕಟ್ಟಡದ ಲಿಫ್ಟು. ಒಬ್ಬ ಹೆಂಗಸಿನ ಅಳು ನಮಗೂ ಕೇಳುತ್ತಿತ್ತು. ಡೇಸಿ ಮೇಡಂ ಫೋನು ತೆಗೆದುಕೊಳ್ಳಲು ಮುಂದಾದರು. ಖಲೀಲ್ ಭಾಯ್ ಬೇಡವೆಂದು ಸನ್ನೆ ಮಾಡಿದರು.

"ಅಮ್ಮಾ… ಹೆದ್ರ್ಬೇಡಿ" ಎಂದರು. ಒಂದೊಂದು ಮಾತಿನ ನಡುವೆ ಒಂದು ಹೆಜ್ಜೆಯಷ್ಟು ಬಿಡುವು. "ಗಾಳಿ… ಬರುತ್ತೆ. ಲಿಫ್ಟು… ಬೀಳಲ್ಲ. ನಾನ್… ಇಲ್ಲೇ ಇರ್ತೀನಿ. ಬಿಲ್ಡಿಂಗ್… ಯಾವ್ದು?"

ಆಕೆ ಹೇಳಿದ ಕಟ್ಟಡದ ಹೆಸರನ್ನು ಖಲೀಲ್ ಭಾಯ್ ಗಟ್ಟಿಯಾಗಿ ತಿರುಗಿ ಹೇಳಿದರು. ಒಬ್ಬ ಮೆಕ್ಯಾನಿಕ್ ಮೆಟ್ಟಿಲು ಇಳಿದು ಓಡಿದ. ಅವನು ತಲುಪುವವರೆಗೂ ಆಕೆ ಮಾತಾಡಿದಳು, ಇವರು ಕೇಳಿದರು, ಮಧ್ಯೆ ಮಧ್ಯೆ "ಅಚ್ಛಾ" ಎಂದರು. ಅಳು ನಿಂತಿತು. ಕೊನೆಗೆ ಬಾಗಿಲು ತೆರೆದ ಸದ್ದೂ ನಮಗೆ ಕೇಳಿಸಿತು.

ಸ್ವಲ್ಪ ಹೊತ್ತಿನಲ್ಲಿ ಆಕೆಯೇ ಮತ್ತೆ ಫೋನು ಮಾಡಿದಳು. ಈ ಸಲ ಎತ್ತಿದವಳು ನಾನು. "ಮೇಡಂ, ಮಾತಾಡಿದ್ರಲ್ಲ ಆ ಸರ್‌ಗೆ ಥ್ಯಾಂಕ್ಸ್ ಹೇಳಿ. ಅವ್ರು ಅಷ್ಟು ನಿಧಾನವಾಗಿ, ಸಮಾಧಾನವಾಗಿ ಮಾತಾಡಿದ್ದಕ್ಕೇ ನಂಗೆ ಧೈರ್ಯ ಬಂದಿದ್ದು."

ನಾನು ಅದನ್ನು ಹಾಗೇ ಖಲೀಲ್ ಭಾಯ್‌ಗೆ ಹೇಳಿದೆ. ಅವರು ಆಪಾ ಕಡೆ ನೋಡಿದರು, ಡೇಸಿ ಮೇಡಂ ಕಡೆ ನೋಡಿದರು, ಆಮೇಲೆ ಗಂಭೀರವಾಗಿ ನನಗೆಂದರು:

"ಬೇಗ… ಮಾತಾಡಕ್ಕೆ… ಬರಲ್ಲ ಅಂತ… ಅವ್ರಿಗೆ ಹೇಳ್ಬೇಡಿ."